ಮೂರು ತಿಂಗಳ ಸರಾಸರಿ

ಮುಷ್ಟಿ ಬಿಗಿ ಮಾಡಿ ಎಂದು ಲ್ಯಾಬಿನಾಕೆ ಹೇಳುವುದಕ್ಕೆ ಮೊದಲೇ ಅವನು ಮುಷ್ಟಿ ಬಿಗಿ ಮಾಡಿಕೊಂಡು ಕೂತಿದ್ದ. ತೋಳಿಗೆ ರಬ್ಬರಿನ ಪಟ್ಟಿ ಕಟ್ಟಿ, ಎರಡು ಬೆರಳಿನಿಂದ ತಟ್ಟಿ, ಒಳ್ಳೇ ನರ ಎಂದು ಅವಳು ತನ್ನಷ್ಟಕ್ಕೇ ಅಂದುಕೊಂಡಾಗ, ಹತ್ತು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಸರಿಯುತ್ತರ ಬರೆದವನ ಹಾಗೆ ಅವನಿಗೆ ಹಿತವಾಯಿತು. ಮರುಗಳಿಗೆಯಲ್ಲೇ ಆ ಹಿತಕ್ಕೆ ನಾಚಿಕೆಯೂ ಆಯಿತು. ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ಇಲ್ಲ ಎಂದ. ಎಷ್ಟು ಹೊತ್ತಾಯಿತು ಎಂದಳು. ಹನ್ನೆರಡು ಗಂಟೆ ಎಂದ. ಅದು ಸುಳ್ಳಲ್ಲ, ಹಾಗಂತ ನಿಜವೂ ಅಲ್ಲ. ನಿನ್ನೆ ಸಂಜೆ ಏಳಕ್ಕೆ ಅವನ ಹೊಟ್ಟೆಗೆ ಬಿದ್ದದ್ದು ಅರ್ಧ ಸೌತೆಕಾಯಿ. ಮೊನ್ನೆಯೂ ಅಷ್ಟೆ, ಅದರ ಹಿಂದಿನ ಎರಡು ದಿನವೂ ಅಷ್ಟೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೊಟ್ಟೆತುಂಬ ತಿಂದು ಬಂದಿದ್ದೇನೆಂದು ಮನೆಯಲ್ಲಿ ಹೇಳಿದ್ದ, ಮನೆಯಲ್ಲಿ ತಿಂದು ಬಂದಿದ್ದೇನೆಂದು ಕ್ಯಾಂಟೀನಿನಲ್ಲಿ. ಸೂಜಿ ಒಳಗೆ ಹೋಯಿತು. ಎಲ್ಲರೂ ಮಾಡುವಂತೆ ಅವನು ಮುಖ ತಿರುಗಿಸಲಿಲ್ಲ. ಇಪ್ಪತ್ತೆಂಟು ವರ್ಷ ಕಾರ್ಖಾನೆಯ ಮೀಟರುಗಳ ಗಾಜಿನ ಹಿಂದೆ ಮುಳ್ಳು ಏರುವುದನ್ನೇ ನೋಡಿಕೊಂಡು ಬಂದ ಕಣ್ಣು, ಕೊಳವೆಯಲ್ಲಿ ರಕ್ತ ಏರುವುದನ್ನೂ ಎವೆಯಿಕ್ಕದೆ ನೋಡಿತು. ರಕ್ತ ಇಷ್ಟು ಕಪ್ಪಗಿರುತ್ತದೆಯೇ, ಇಷ್ಟು ನಿಧಾನಕ್ಕೆ ಬರುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಿದರೆ ಅವಳು ನಕ್ಕಾಳು. ಅಥವಾ ನಗದೆ ಸುಮ್ಮನಾದಾಳು. ಎರಡನೆಯದನ್ನು ನೆನೆದು ಕೇಳದೆ ಬಿಟ್ಟ. ಹತ್ತೂವರೆಗೆ ರಿಪೋರ್ಟು, ಆಮೇಲೆ ಮೂರನೇ ಮಹಡಿಯಲ್ಲಿ ಡಾಕ್ಟರು ಎಂದು ಹೇಳಿ ಅವಳು ಹತ್ತಿಯ ಉಂಡೆಯನ್ನು ಅವನ ಮೊಣಕೈ ಒಳಗಿಟ್ಟು ತೋಳು ಮಡಿಸಿದಳು. ಚಿಕ್ಕ ಮಕ್ಕಳಿಗೆ ಮಡಿಸುವ ಹಾಗೆ.

ಹೊರಗೆ ಸಾಲು ಕುರ್ಚಿಗಳಲ್ಲಿ ಕೊನೆಯದಕ್ಕೆ ಹೋಗಿ ಕೂತ. ಎದುರು ಗೋಡೆಯ ಮೇಲೆ ಗಡಿಯಾರ. ಏಳೂ ಹತ್ತು. ಹತ್ತೂವರೆಗೆ ಇನ್ನು ಮೂರು ಗಂಟೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ಹೆಂಡತಿಯೂ ಬರುತ್ತಾಳೆ, ಶಾಲೆಯ ಆಫೀಸಿನಲ್ಲಿ ಅರ್ಧ ದಿನ ರಜೆ ಹೇಳಿ. ಬೇಡ, ನಾನೇ ತಂದು ತೋರಿಸುತ್ತೇನೆ ಎಂದು ಮೂರು ಸಲ ಹೇಳಿದ್ದ. ಮೂರನೆಯ ಸಲ ಹೇಳಿದಾಗ ಅವಳು ಅವನ ಮುಖವನ್ನೇ ನೋಡಿ, ಇಷ್ಟು ಕಷ್ಟಪಟ್ಟಿದ್ದೀರಿ, ಫಲ ಬರೋ ದಿನ ನಾನು ಇರಬಾರದಾ ಎಂದಳು.

ಮೂರು ತಿಂಗಳ ಹಿಂದೆ ಇದೇ ಕಟ್ಟಡದಿಂದ ಬಂದ ಕಾಗದದಲ್ಲಿ ಒಂದು ಅಂಕಿಯ ಪಕ್ಕ ನಕ್ಷತ್ರದ ಗುರುತಿತ್ತು. ಬ್ರೆಡ್ ಕಾರ್ಖಾನೆಯವರು ವರ್ಷಕ್ಕೊಮ್ಮೆ ಎಲ್ಲರಿಗೂ ಮಾಡಿಸುವ ಮಾಮೂಲಿ ಪರೀಕ್ಷೆ. ಬೇರೆಯವರು ಲಕೋಟೆ ಒಡೆದು, ಕಣ್ಣಾಡಿಸಿ, ಮಡಿಸಿ ಜೇಬಿಗಿಟ್ಟುಕೊಂಡರು. ಅವನು ಬಾಯ್ಲರ್ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಎಡಕ್ಕೆ ಪರೀಕ್ಷೆಯ ಹೆಸರು, ನಡುವೆ ಅವನ ಅಂಕಿ, ಬಲಕ್ಕೆ ಇರಬೇಕಾದ ಮಿತಿ: ಇಷ್ಟರಿಂದ ಇಷ್ಟರವರೆಗೆ. ಆ ರೀತಿಯ ಕಾಗದ ಅವನಿಗೆ ಹೊಸದಲ್ಲ; ಕಾರ್ಖಾನೆಯ ಒಲೆಗಳ ಶಾಖ, ಬಾಯ್ಲರಿನ ಒತ್ತಡ ತೋರಿಸುವ ಮೀಟರುಗಳನ್ನು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಇಂಥದೇ ಮೂರು ಪಟ್ಟಿಯ ಕಾಗದ ತುಂಬುವುದು ಅವನ ಕೆಲಸ. ಸಂಜೆ ಕಾಲೇಜಿನಲ್ಲಿ ಐದು ವರ್ಷ ತೂಕಡಿಸಿಕೊಂಡು ಓದಿ ಕಲಿತದ್ದು. ಮಿತಿಯೊಳಗಿದ್ದರೆ ಹಸಿರು ಚೀಟಿ ಅಂಟಿಸಿ, ತಾರೀಖು ಬರೆದು, ರುಜು ಹಾಕುತ್ತಾನೆ. ಮಿತಿ ದಾಟಿದ್ದರೆ ಕೆಂಪು ಚೀಟಿ, ಯಂತ್ರ ನಿಲ್ಲಬೇಕು. ಇದರಲ್ಲಿ ಅವನು ಯಾರ ಮುಲಾಜೂ ನೋಡುವವನಲ್ಲವೆಂದು ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮುಳ್ಳು ಸಾಹೇಬರು ಎನ್ನುತ್ತಿದ್ದರು, ಎದುರಿಗೆ ಸಲಿಗೆಯಿಂದ, ಹಿಂದಿನಿಂದ ಬೇರೆ ದನಿಯಲ್ಲಿ. ಆ ದಿನ ಬಾಯ್ಲರ್ ಕೋಣೆಯಲ್ಲಿ ತನ್ನದೇ ಕಾಗದ ಹಿಡಿದು ನಿಂತಾಗ, ಏಳು ಪಾಯಿಂಟ್ ನಾಲ್ಕು ಎಂಬ ಅಂಕಿಯ ಪಕ್ಕದ ಆ ನಕ್ಷತ್ರ, ಯಾರೋ ತನ್ನ ಹಣೆಗೆ ಕೆಂಪು ಚೀಟಿ ಅಂಟಿಸಿ ರುಜು ಹಾಕಿದ ಹಾಗೆ ಕಂಡಿತು.

ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ಸಕ್ಕರೆ ಆ ಹೊತ್ತಿನದು ಮಾತ್ರ. ಈ ಇನ್ನೊಂದಿದೆಯಲ್ಲ, ಇದು ಮೂರು ತಿಂಗಳ ಸರಾಸರಿ. ರಕ್ತದಲ್ಲಿನ ಸಕ್ಕರೆ ಕೆಂಪು ಕಣಕ್ಕೆ ಅಂಟಿಕೊಳ್ಳುತ್ತದೆ, ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕಣದ ಆಯಸ್ಸು ಮೂರ್ನಾಲ್ಕು ತಿಂಗಳು. ಹಾಗಾಗಿ ಮೂರು ತಿಂಗಳು ನೀವು ಹೇಗಿದ್ದಿರಿ ಎಂದು ಅದು ಹೇಳಿಬಿಡುತ್ತದೆ. ಆರೂವರೆ ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತೇವೆ. ಗಾಬರಿ ಬೇಡ. ಮಾತ್ರೆ ಈಗಲೇ ಬೇಡ, ದಿನಾ ನಲವತ್ತು ನಿಮಿಷ ಚುರುಕಾಗಿ ನಡೆಯಿರಿ, ಸಕ್ಕರೆ ಮೈದಾ ಬಿಡಿ, ತರಕಾರಿ ಕಾಳು ಜಾಸ್ತಿ ಮಾಡಿ, ಹೊಟ್ಟೆ ಎರಡಿಂಚು ಇಳಿಸಿ. ಮೂರು ತಿಂಗಳ ಮೇಲೆ ನೋಡೋಣ. ಇಷ್ಟನ್ನೂ ಅವನು ಕೈಚೀಟಿಯ ಹಿಂದೆ ಅಕ್ಷರ ಬಿಡದೆ ಬರೆದುಕೊಂಡ. ಡಾಕ್ಟರು ಒಂದು ಸಣ್ಣ ಪುಸ್ತಕವನ್ನೂ ಕೊಟ್ಟರು. ಬರೆಯುವುದರ ನಡುನಡುವೆ ಅವನ ಕಣ್ಣು ಹೋಗುತ್ತಿದ್ದದ್ದು ಮೇಜಿನ ಕೆಳಗಿನ ತನ್ನ ಬಲಗಾಲಿಗೆ. ಅಮ್ಮನದೂ ಬಲಗಾಲೇ.

ಅಮ್ಮನ ಹೆಬ್ಬೆರಳು ಮೊದಲು ಕಪ್ಪಾಗಿತ್ತು. ಆಮೇಲೆ ಪಾದ. ಆಮೇಲೆ ಆಸ್ಪತ್ರೆಯ ಬಿಳಿ ಹೊದಿಕೆಯ ಕೆಳಗೆ ಒಂದು ಕಡೆ ಉದ್ದಕ್ಕೆ, ಒಂದು ಕಡೆ ಮೊಳಕಾಲಿನವರೆಗೆ ಮಾತ್ರ ಉಬ್ಬು. ಆದರೆ ಅವನಿಗೆ ಹಗಲು ಹೊತ್ತಿನಲ್ಲೂ ಕಣ್ಣಿಗೆ ಕಟ್ಟುವುದು ಅದಲ್ಲ, ಅದಕ್ಕೂ ನಾಲ್ಕು ವರ್ಷ ಹಿಂದಿನ ಒಂದು ಬೆಳಿಗ್ಗೆ. ಅಮ್ಮನಿಗೆ ಸಕ್ಕರೆ ಎಂದು ತಿಳಿದ ದಿನದಿಂದ ಅವಳ ಅನ್ನವನ್ನು ಅವನು ತಕ್ಕಡಿಯಲ್ಲಿ ತೂಗಿ ಬಡಿಸುತ್ತಿದ್ದ. ನೆಂಟರು ಕೂತಿರಲಿ, ಯಾರೇ ಇರಲಿ. ತಕ್ಕಡಿಯನ್ನು ಊಟದ ಮೇಜಿನ ಮೇಲೇ ಇಟ್ಟುಕೊಂಡಿದ್ದ. ನಿನ್ನ ಒಳ್ಳೆಯದಕ್ಕೇ ಅಮ್ಮಾ ಎನ್ನುತ್ತಿದ್ದ. ಒಂದು ದಿನ ಪರೀಕ್ಷೆಯ ಫಲ ಚೆನ್ನಾಗಿ ಬಂದಿದೆಯೆಂದು ಡಾಕ್ಟರು ಅಮ್ಮನ ಬೆನ್ನು ತಟ್ಟಿದಾಗ, ಅವಳು ಶಾಲೆಯ ಹುಡುಗಿಯಂತೆ ನಾಚಿ ನಕ್ಕಾಗ, ಅವನು ತಡೆಯಲಾರದೆ ಹೇಳಿಬಿಟ್ಟಿದ್ದ: ನಂಬಬೇಡಿ ಸಾರ್, ಎರಡು ದಿನ ಮೊದಲಿಂದ ಇವರು ಊಟ ಬಿಡ್ತಾರೆ, ಉಳಿದ ದಿನ ಕದ್ದು ತಿಂತಾರೆ. ಡಾಕ್ಟರು ನಕ್ಕರು, ನರ್ಸೂ ನಕ್ಕಳು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಹೊರಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು. “ನಿನ್ನ ಮುಂದೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕಿತ್ತು ಕಣೋ, ಅಷ್ಟೆ.” ಆವತ್ತು ಆ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಈಗ ಬೀಳುತ್ತದೆ. ಈ ನಾಲ್ಕು ದಿನ ಅರ್ಧರ್ಧ ಸೌತೆಕಾಯಿ ತಿನ್ನುತ್ತ ಪ್ರತಿ ಸಲವೂ ಬಿತ್ತು. ಮೂರು ತಿಂಗಳದ್ದನ್ನು ನಾಲ್ಕು ದಿನದಲ್ಲಿ ತೊಳೆಯಲಾಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅವನ ಕೈಬರಹದಲ್ಲೇ ಇತ್ತು. ಹೊರಗಿನ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೀಟರಿನ ಗಾಜು ಉಜ್ಜಿ, ಉರಿ ತಗ್ಗಿಸಿ, ಮುಳ್ಳನ್ನು ಸಾಧುವಿನಂತೆ ನಿಲ್ಲಿಸುವ ಶಿಫ್ಟಿನವರನ್ನು ಅವನು ಎಷ್ಟು ಸಲ ಬೈದಿಲ್ಲ. ಬೈದವನೇ ಗಾಜು ಉಜ್ಜಿದ್ದ.

ಒಂಬತ್ತಾಯಿತು. ಪಕ್ಕದ ಕುರ್ಚಿಯವನು ಪೊಟ್ಟಣ ಬಿಚ್ಚಿ ಬಿಸ್ಕತ್ತು ತಿನ್ನತೊಡಗಿದ. ಅದರ ವಾಸನೆ ತಾಳಲಾರದೆ ಅವನು ಎದ್ದು ನೀರಿನ ಯಂತ್ರದ ಬಳಿ ಹೋಗಿ ಕಾಗದದ ಲೋಟದಲ್ಲಿ ಎರಡು ಲೋಟ ಕುಡಿದ. ಬಾಯಿ ಒಣಗುವುದು, ಮೇಲೆ ಮೇಲೆ ನೀರು ಕೇಳುವುದು, ಅದೂ ಒಂದು ಲಕ್ಷಣ. ಮೂರನೆಯ ಲೋಟ ತುಂಬಿಸಿ, ಚೆಲ್ಲಿ, ಬಂದು ಕೂತ. ತಾನು ತಿಂದದ್ದೇ ಮಹಾಪರಾಧವೆಂದು ಅವನಿಗೆ ಅನಿಸಿರಲಿಲ್ಲ. ಕಾರ್ಖಾನೆಯಲ್ಲಿ ಬ್ರೆಡ್ಡು ಕತ್ತರಿಸುವಾಗ ಉಳಿಯುವ ಅಂಚಿನ ತುಂಡುಗಳು ಒಂದು ತಟ್ಟೆಯಲ್ಲಿ ಬಿದ್ದಿರುತ್ತವೆ. ಹೋಗುವವರು ಬರುವವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಅವನಿಗೆ ಮೊದಲೆಲ್ಲ ಅದರ ಮೇಲೆ ಅಂಥ ಆಸೆಯಿರಲಿಲ್ಲ. ನಕ್ಷತ್ರ ಬಂದ ಮೇಲೆ ಆಸೆ ಬಂತು. ಹೆದರಿಕೆಯಾದಾಗಲೆಲ್ಲ ಕೈ ತಾನಾಗಿ ಆ ತಟ್ಟೆಗೆ ಹೋಗುತ್ತಿತ್ತು, ಮತ್ತು ಅವನಿಗೆ ಇಡೀ ದಿನ ಹೆದರಿಕೆಯೇ. ಸಿಹಿಯಲ್ಲವಲ್ಲ ಎಂದು ಅಗಿಯುತ್ತಿದ್ದ. ಅಗಿದು ನುಂಗಿದ ಮೇಲೆ ಮೈದಾ ಎಂದು ನೆನಪಾಗುತ್ತಿತ್ತು.

ಆದರೆ ತಿಂದದ್ದನ್ನು ಹೇಗೋ ಒಪ್ಪಿಕೊಂಡುಬಿಡಬಹುದು. ನಡೆಯದೆ ಇದ್ದದ್ದನ್ನು ಒಪ್ಪಿಕೊಳ್ಳುವುದು ಹೇಗೆ.

ಮೊದಲ ದಿನ ಅವನು ನಡೆದಿದ್ದ. ಹೆಂಡತಿ ತಂದುಕೊಟ್ಟ ಬಿಳಿ ಬೂಟು ಹಾಕಿಕೊಂಡು, ಬೆಳಗಿನ ಆರು ಗಂಟೆಗೆ, ಡಾಕ್ಟರು ಹೇಳಿದಂತೆಯೇ ಚುರುಕಾಗಿ. ಹತ್ತು ನಿಮಿಷದಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ನಿಂತು ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗಡಿಯಾರ ನೋಡಿಕೊಂಡು ಎಣಿಸಿದ. ನೂರಾ ಹದಿನೆಂಟು. ಡಾಕ್ಟರು ಕೊಟ್ಟ ಪುಸ್ತಕವನ್ನು ಅವನು ಹಿಂದಿನ ದಿನವೇ ಗೆರೆ ಎಳೆದು ಓದಿ ಮುಗಿಸಿದ್ದ. ಅದರಲ್ಲಿ ಹದಿನಾಲ್ಕನೆಯ ಪುಟದಲ್ಲಿ ಚೌಕಟ್ಟಿನೊಳಗೆ ಅಚ್ಚಾಗಿತ್ತು: ನಾಡಿ, ನಿಮಿಷಕ್ಕೆ ಅರವತ್ತರಿಂದ ನೂರು. ಇಷ್ಟರಿಂದ ಇಷ್ಟರವರೆಗೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಓದಿ ಮರೆಯುತ್ತಿದ್ದರು, ಇಲ್ಲ ಡಾಕ್ಟರನ್ನು ಕೇಳುತ್ತಿದ್ದರು. ಅವನು ಇಪ್ಪತ್ತೆಂಟು ವರ್ಷ ಮಾಡಿದ್ದನ್ನೇ ಮಾಡಿದ. ಮುಳ್ಳು ಮಿತಿ ದಾಟಿತು, ಯಂತ್ರ ನಿಲ್ಲಿಸಿದ. ಅಲ್ಲೇ ಮುಚ್ಚಿದ್ದ ಒಂದು ಫೋಟೋ ಸ್ಟುಡಿಯೋದ ಮೆಟ್ಟಿಲಿತ್ತು, ಕೂತ. ಎಂಬತ್ತಕ್ಕೆ ಇಳಿದ ಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿದ, ಮತ್ತೆ ಎಣಿಸಿದ, ನೂರಾ ಮೂರು, ಮತ್ತೆ ಕೂತ. ಸಕ್ಕರೆಯಿಂದ ಸಾಯಲು ವರ್ಷಗಳು ಬೇಕು, ಎದೆ ನಿಂತರೆ ಈಗಲೇ, ಈ ಮೆಟ್ಟಿಲ ಮೇಲೇ, ಈ ಬಿಳಿ ಬೂಟಿನಲ್ಲೇ. ಎರಡನೆಯ ದಿನ ಅವನು ನೇರವಾಗಿ ಆ ಮೆಟ್ಟಿಲಿಗೇ ಹೋದ. ಮೂರನೆಯ ದಿನದಿಂದ ಅದು ಅಭ್ಯಾಸವಾಯಿತು. ನಲವತ್ತು ನಿಮಿಷ ಕೂತು, ಬೂಟಿನ ಅಟ್ಟೆಯನ್ನು ಮೆಟ್ಟಿಲ ಅಂಚಿಗೆ ತಿಕ್ಕಿ ಸವೆಸಿ, ಬೀದಿಯ ನಲ್ಲಿಯಲ್ಲಿ ಕೈ ಒದ್ದೆ ಮಾಡಿ ಕತ್ತಿಗೂ ಬೆನ್ನಿಗೂ ಸವರಿಕೊಂಡು ಮನೆಗೆ ಬರುತ್ತಿದ್ದ. ಎದುರಿನ ಬ್ಯಾಂಕಿನ ಕಾವಲುಗಾರ, ಮೀಸೆ ನರೆತ ಮನುಷ್ಯ, ಮೊದಮೊದಲು ಸುಮ್ಮನೆ ನೋಡುತ್ತಿದ್ದ. ತಿಂಗಳಾದ ಮೇಲೆ ಒಂದು ದಿನ ರಸ್ತೆ ದಾಟಿ ಬಂದು, ಬೀಡಿ ಹಚ್ಚಿಕೊಳ್ಳುತ್ತ ಹೇಳಿದ್ದ: “ನಾನಾದ್ರೂ ಕೂರೋದಕ್ಕೆ ಸಂಬಳ ತಗೋತೀನಿ ಸಾರ್. ನಿಮಗ್ಯಾರು ಕೊಡ್ತಾರೆ?” ಅವನು ನಕ್ಕಿದ್ದ. ಮನೆಗೆ ಬರುವವರೆಗೂ ಆ ನಗು ಮುಖದ ಮೇಲೆ ಅಂಟಿಕೊಂಡೇ ಇತ್ತು, ಒರೆಸಿದರೂ ಹೋಗದೆ.

ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹಸಿರು ಗುರುತು ಹಾಕುತ್ತಿದ್ದಳು. ಅವನು ಬಾಗಿಲು ತೆರೆಯುವುದೇ ತಡ, ಪೆನ್ನಿನ ಮುಚ್ಚಳ ತೆಗೆಯುವ ಸದ್ದು. ತೊಂಬತ್ತೊಂದು ಗುರುತು. ಒಂದು ದಿನವೂ ತಪ್ಪಿರಲಿಲ್ಲ. ಜ್ವರ ಬಂದ ದಿನವೂ ಅವನು ಹೋಗಿ ಕೂತು ಬಂದಿದ್ದ, ಸುಳ್ಳಿನಲ್ಲೂ ಅಷ್ಟು ಪ್ರಾಮಾಣಿಕ. ಬೆಳಿಗ್ಗೆ ಐದಕ್ಕೆದ್ದು ಅವಳು ಎರಡು ಬಗೆಯ ಅಡುಗೆ ಮಾಡುತ್ತಿದ್ದಳು, ಅವನಿಗೆ ಬೇರೆ, ಮನೆಗೆ ಬೇರೆ. ಸಂಜೆ ಆಫೀಸಿನಿಂದ ಬಂದು ಕಾಳು ನೆನೆಹಾಕಿ, ತರಕಾರಿ ಹೆಚ್ಚಿಟ್ಟು, ಆಮೇಲೆ ಫೋನು. ತನ್ನ ತಂಗಿಗೆ, ಅವನ ಅಣ್ಣನಿಗೆ, ಶಾಲೆಯ ಮೇಡಮ್ಮುಗಳಿಗೆ: ನಮ್ಮೆಜಮಾನ್ರು ಹಟ ಹಿಡಿದರೆ ಹಿಡಿದದ್ದೇ, ಒಂದು ದಿನ ಬಿಟ್ಟಿಲ್ಲ ನೋಡಿ. ಪಕ್ಕದ ಕೋಣೆಯಲ್ಲಿ ಅವನು ಆ ಮಾತು ಕೇಳಿಸಿಕೊಂಡು ಮಣಿಕಟ್ಟಿನ ಮೇಲೆ ಬೆರಳಿಡುತ್ತಿದ್ದ. ತೊಂಬತ್ತಾರು. ಕೂತಲ್ಲೇ ತೊಂಬತ್ತಾರು.

ಹತ್ತೂಕಾಲಿಗೆ ಅವಳು ಬಂದಳು. ಕೈಯಲ್ಲಿ ಡಬ್ಬಿ. ಬೆವರಿದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕೂತು, ಮೊದಲು ಇದನ್ನು ತಿನ್ನಿ, ರಕ್ತ ಕೊಟ್ಟಾದ ಮೇಲೆ ಉಪವಾಸ ಇರಬಾರದು ಎಂದು ಬೇಯಿಸಿದ ಮೊಟ್ಟೆ, ಹೆಸರುಕಾಳು ಬಿಡಿಸಿಟ್ಟಳು. ಅವನು ತಿಂದ. ರುಚಿ ತಿಳಿಯಲಿಲ್ಲ. ಅವಳು ಬಸ್ಸಿನ ವಿಷಯ, ಶಾಲೆಯಲ್ಲಿ ಯಾರೋ ಹಾಜರಿ ಪುಸ್ತಕದ ಮೇಲೆ ಚಹಾ ಚೆಲ್ಲಿದ ವಿಷಯ ಹೇಳುತ್ತಿದ್ದಳು. ಹೇಳಿಬಿಡಬೇಕು, ಈಗಲೇ, ಕಾಗದ ಬರುವ ಮೊದಲು ಎಂದುಕೊಂಡ. ಬಾಯಲ್ಲಿ ಕಾಳಿತ್ತು. ನುಂಗಿ ಹೇಳೋಣವೆಂದುಕೊಂಡ. ನುಂಗುವಷ್ಟರಲ್ಲಿ ಕೌಂಟರಿನವನು ಟೋಕನ್ ನಂಬರು ಕೂಗಿದ. ಅವನಿಗಿಂತ ಮೊದಲು ಅವಳೇ ಎದ್ದು ಹೋದಳು.

ಅವಳು ಓದುವುದನ್ನು ಅವನು ದೂರದಿಂದಲೇ ನೋಡಿದ. ಮೊದಲು ಮುಖ ಅರಳಿತು. ಖಾಲಿ ಹೊಟ್ಟೆಯದು ತೊಂಬತ್ತೆರಡು ಎಂದು ಕುರ್ಚಿಯವರೆಗೂ ಕೇಳುವಂತೆ ಹೇಳಿದಳು, ಹೋದ ಸಲ ನೂರಾ ನಲವತ್ತೊಂದಿತ್ತು. ಆಮೇಲೆ ಬೆರಳು ಕೆಳಕ್ಕಿಳಿಯಿತು. ನಿಂತಿತು. ಅವಳು ಕಾಗದವನ್ನು ಹತ್ತಿರ ತಂದು ನೋಡಿದಳು, ದೂರ ಹಿಡಿದು ನೋಡಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅವನು ಎದ್ದು ಹತ್ತಿರ ಹೋಗುವಷ್ಟರಲ್ಲಿ ಅವಳು ಗಾಜಿನ ಬಾಗಿಲು ತಳ್ಳಿಕೊಂಡು ಲ್ಯಾಬಿನೊಳಕ್ಕೇ ಹೋಗಿ ಆಗಿತ್ತು.

ಏಳು ಪಾಯಿಂಟ್ ಒಂಬತ್ತು. ಇಳಿದಿರಲಿಲ್ಲ, ಏರಿತ್ತು. ಅವಳ ಹೆಗಲ ಮೇಲಿಂದ ಅವನು ಅಂಕಿಯನ್ನು ನೋಡಿದ, ನಕ್ಷತ್ರವನ್ನು ನೋಡಿದ. ಬಲಗಾಲ ಹೆಬ್ಬೆರಳು ಜುಮುಗುಟ್ಟಿತು. ಲ್ಯಾಬಿನಾಕೆಯ ಎದುರು ಅವನ ಹೆಂಡತಿ ಕಾಗದವನ್ನು ಮೇಜಿನ ಮೇಲೆ ಹರಡಿ, ಬಿಡದೆ ಮಾತಾಡುತ್ತಿದ್ದಳು. ಕೊಳವೆ ಅದಲುಬದಲಾಗಿದೆ, ಇದು ಬೇರೆ ಯಾರದೋ ರಕ್ತ. ಇವರು ಮೂರು ತಿಂಗಳಿಂದ ಸಕ್ಕರೆ ಮುಟ್ಟಿಲ್ಲ, ಒಂದು ದಿನ ಬಿಡದೆ ನಲವತ್ತು ನಿಮಿಷ ನಡೆದಿದ್ದಾರೆ, ನನ್ನ ಹತ್ತಿರ ಲೆಕ್ಕ ಇದೆ. ಲ್ಯಾಬಿನಾಕೆ ಶಾಂತವಾಗಿ, ಕೊಳವೆಯ ಮೇಲಿನ ಹೆಸರು ತೋರಿಸಿದಳು. ಹಾಗಾದರೆ ನಿಮ್ಮ ಮಿಷನ್ನೇ ಕೆಟ್ಟಿದೆ ಎಂದಳು ಅವನ ಹೆಂಡತಿ. ಮತ್ತೆ ಮಾಡಿ. ಇಲ್ಲ ಅಂದರೆ ಮೇಲಿನವರ ಹತ್ತಿರ ಹೋಗ್ತೀನಿ, ಬರೆದು ಕೊಡ್ತೀನಿ. ಅವಳು ಎಂದೂ ಯಾರ ಮೇಲೂ ದನಿ ಏರಿಸಿದವಳಲ್ಲ, ಬಸ್ಸಿನಲ್ಲಿ ಚಿಲ್ಲರೆ ಕೊಡದಿದ್ದರೂ ಸುಮ್ಮನೆ ಇಳಿಯುವವಳು. ಲ್ಯಾಬಿನಾಕೆಯ ಮುಖ ಸಣ್ಣಗಾಯಿತು. ಇವತ್ತು ಬೆಳಿಗ್ಗೆ ತಾನೇ ಪರೀಕ್ಷೆ ಮಾಡಿದ್ದೇನಮ್ಮಾ ಎಂದು ಯಂತ್ರದ ಕಡೆ ಕೈ ತೋರಿಸಿದಳು. ಅದರ ಪಕ್ಕಕ್ಕೆ ಒಂದು ಚೀಟಿ ಅಂಟಿಸಿತ್ತು. ತಾರೀಖು, ಸಮಯ, ಎರಡು ಸಲ ನೋಡಿದ ಅಂಕಿಗಳು, ಇರಬೇಕಾದ ಮಿತಿ, ಕೆಳಗೆ ಒತ್ತಿ ಬರೆದ ರುಜು. ಅವನು ಹೀಗೆಯೇ ಬರೆಯುತ್ತಿದ್ದದ್ದು. ಅವಸರವಿಲ್ಲದ, ಅಂಕಿಗೆ ಅಂಕಿ ತಾಗದ ಬರವಣಿಗೆ. ಅದನ್ನು ಬರೆದಾಕೆ ತಲೆ ತಗ್ಗಿಸಿ ನಿಂತಿದ್ದಳು, ಮಾಡದ ತಪ್ಪಿಗೆ, ಅವನ ಎದುರಿಗೆ.

“ಮಿಷನ್ ಸರಿಯಾಗಿದೆ,” ಎಂದ ಅವನು.

ಹೆಂಡತಿ ಕೇಳಿಸದವಳಂತೆ ಇನ್ನೂ ಏನೋ ಹೇಳುತ್ತಿದ್ದಳು. ಅವನು ಅವಳ ಮೊಣಕೈ ಮುಟ್ಟಿದ.

“ಮಿಷನ್ ಸರಿಯಾಗಿದೆ ಕಣೇ. ನಾನು ನಡೆದಿಲ್ಲ.”

ಅವಳು ತಿರುಗಿ ನೋಡಿದಳು. ಅವನು ಹೇಳಿದ, ನಿಂತಲ್ಲೇ, ಲ್ಯಾಬಿನಾಕೆಯ ಎದುರಿಗೇ. ಫೋಟೋ ಸ್ಟುಡಿಯೋ ಮೆಟ್ಟಿಲು, ನಲ್ಲಿಯ ನೀರು, ಬೂಟಿನ ಅಟ್ಟೆ, ಬ್ರೆಡ್ಡಿನ ಅಂಚು, ನಾಲ್ಕು ದಿನದ ಸೌತೆಕಾಯಿ. ಕೆಲಸದ ವರದಿ ಒಪ್ಪಿಸುವವನಂತೆ ಒಂದನ್ನೂ ಬಿಡದೆ ಹೇಳಿದ. ಯಾಕೆ ಎಂದು ಅವಳು ಕೇಳಿದಾಗ, ಎದೆಬಡಿತ ನೂರು ದಾಟುತ್ತಿತ್ತು, ನೂರು ದಾಟಬಾರದು ಎಂದು ಪುಸ್ತಕದಲ್ಲಿತ್ತು ಎಂದ.

“ಅದು ಸುಮ್ಮನೆ ಕೂತಾಗಿನದು ಸಾರ್,” ಎಂದಳು ಲ್ಯಾಬಿನಾಕೆ, ಮೆಲ್ಲಗೆ, ನಗದೆ. “ನಡೆದರೆ ಎಲ್ಲರದೂ ಏರುತ್ತೆ. ಏರಲಿ ಅಂತಲೇ ನಡೆಯೋದು.”

ಏರಲಿ ಅಂತಲೇ. ಯಾವುದಾದರೂ ಮುಳ್ಳು ಏರಲಿ ಎಂದು ಅವನು ಜೀವಮಾನದಲ್ಲಿ ಬಯಸಿದ್ದಿಲ್ಲ. ಮೂರು ತಿಂಗಳು, ತೊಂಬತ್ತೊಂದು ಬೆಳಗು, ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ದಡ್ಡನೆನ್ನಿಸಿಕೊಳ್ಳುತ್ತೇನೆ ಎಂದು ಕೇಳದೆ, ಈಗ ಇಬ್ಬರು ಹೆಂಗಸರ ನಡುವೆ ಅದೇ ಅನ್ನಿಸಿಕೊಂಡು ನಿಂತಿದ್ದ. ಹೆಂಡತಿ ಲ್ಯಾಬಿನಾಕೆಗೆ, ತಪ್ಪಾಯಿತಮ್ಮಾ, ಏನೂ ತಿಳಕೋಬೇಡಿ ಎಂದಳು. ಕಾಗದ ಮಡಿಸಿ, ಮಡಿಸಿದ್ದನ್ನು ಮತ್ತೆ ಮಡಿಸಿ, ಹೊರಗೆ ನಡೆದಳು.

ಲಿಫ್ಟಿನ ಮುಂದೆ ಗಾಲಿಕುರ್ಚಿ, ಎರಡು ಸಂಸಾರ, ಒಂದು ಹೂಕುಂಡ. ಅವಳು ಅತ್ತ ನೋಡಲೂ ಇಲ್ಲ, ಮೆಟ್ಟಿಲು ಹತ್ತತೊಡಗಿದಳು. ಅವನಿಗೆ ಹಿಂದೆ ಹೋಗದೆ ವಿಧಿಯಿರಲಿಲ್ಲ. ಹನ್ನೆರಡು ಮೆಟ್ಟಿಲಿಗೆ ಒಂದು ತಿರುವು. ಮೊದಲ ತಿರುವಿನಲ್ಲೇ ಎದೆ ಶುರುಮಾಡಿತು. ಏರಲಿ ಅಂತಲೇ, ಏರಲಿ ಅಂತಲೇ ಎಂದುಕೊಂಡ. ಆ ಮಾತಿಗೆ ತಲೆ ಒಪ್ಪಿತ್ತು, ಎದೆ ಒಪ್ಪಿರಲಿಲ್ಲ. ಬೆರಳು ಮಣಿಕಟ್ಟಿಗೆ ಹೋಗದಂತೆ ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಎದುರಿಗೆ ಅವಳ ಬೆನ್ನು, ಅವಸರದಲ್ಲಿ ಪಿನ್ನು ತಪ್ಪಿದ ಸೆರಗು. ಒಂದು ಮಾತು ಬೈದಿದ್ದರೆ ಸಾಕಿತ್ತು. ಮೂರು ತಿಂಗಳು ಐದಕ್ಕೆದ್ದದ್ದನ್ನು ಎತ್ತಿ ಆಡಿದ್ದರೆ ಸಾಕಿತ್ತು. ಮೊದಲ ಮಹಡಿ ದಾಟಿತು. ಅವನ ಕಿವಿಯಲ್ಲಿ ಹೊಡೆದುಕೊಳ್ಳುತ್ತಿದ್ದದ್ದು ನೂರನ್ನು ಎಂದೋ ದಾಟಿತ್ತು, ನೂರಾ ಮೂವತ್ತೋ ನಲವತ್ತೋ. ಈಗ ಬೀಳುತ್ತೇನೆ, ಈ ಮೆಟ್ಟಿಲಿಗೆ, ಇಲ್ಲ ಇದರ ಮೇಲಿನದಕ್ಕೆ ಎಂದು ಕಾದ. ಬೀಳಲಿಲ್ಲ. ಅದೇ ಇನ್ನೊಂದು ಬಗೆಯ ಭಯ ಹುಟ್ಟಿಸಿತು, ಕಾಯುತ್ತಿದ್ದ ಏಟು ಬೀಳದೆ ಹೋದಾಗಿನದು. ಎರಡನೆಯ ಮಹಡಿ. ಅಲ್ಲಿಂದ ಮೇಲಿನ ತಿರುವಿಗೆ ಇನ್ನು ಎರಡು ಮೆಟ್ಟಿಲಿರುವಾಗ ಅವಳು ನಿಂತಳು. ಈಗ ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ. ಗೋಡೆಗೆ ಕೈ ಆನಿಸಿ, ಮೆಲ್ಲಗೆ, ನೆಲ ಎಲ್ಲಿದೆಯೆಂದು ಹುಡುಕುವವಳಂತೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವಳ ಬಾಯಿ ತೆರೆದೇ ಇತ್ತು. ಉಸಿರು ಸಣ್ಣಸಣ್ಣದಾಗಿ, ಒಂದರ ಮೇಲೊಂದು ಬೀಳುತ್ತಿತ್ತು. ಅವನು ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಿಸಿ, ಏನಾಯ್ತು ಎಂದ. ಕೈ ಅಲ್ಲಾಡಿಸಿ ಏನಿಲ್ಲ ಎಂದಳು. ಇನ್ನೊಂದು ಗಳಿಗೆ ಬಿಟ್ಟು, ದೊಡ್ಡ ವಿಷಯವೇನಲ್ಲ ಎಂಬಂತೆ ಹೇಳಿದಳು, ಇತ್ತೀಚೆಗೆ ಹೀಗೇ ಆಗುತ್ತೆ, ಮಹಡಿ ಮೇಲೆ ಬಟ್ಟೆ ಹರವೋಕೆ ಹೋದಾಗ ನಡುವೆ ಎರಡು ಸಲ ಕೂತೇ ಹೋಗೋದು.

“ಯಾವಾಗಿಂದ?”

“ಯಾರಿಗೆ ಗೊತ್ತು. ನಿಮ್ಮದರ ಗಡಿಬಿಡಿಯಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ. ನೀವು ಹೋಗಿ ಕಾಗದ ತೋರಿಸಿ, ಡಾಕ್ಟರು ಎದ್ದುಬಿಡ್ತಾರೆ.”

ಅವಳ ಕೈ ಮೊಳಕಾಲ ಮೇಲಿತ್ತು. ಅವನು ಅದನ್ನು ನೋಡಿದ. ಉಗುರುಗಳು ಕಾಗದದ ಹಾಗೆ ಬಿಳಿ. ತುಟಿಯೂ ಹಾಗೇ. ಪುಸ್ತಕದಲ್ಲಿ ಅದರ ಬಗ್ಗೆಯೂ ಎರಡು ಪುಟಗಳಿದ್ದವು, ರಕ್ತದ ಕೆಂಪು ಕಡಿಮೆಯಾದರೆ ಏನೇನಾಗುತ್ತದೆಂದು. ತನ್ನದು ಮಿತಿಯೊಳಗಿದ್ದದ್ದರಿಂದ ಆ ಎರಡು ಪುಟಗಳಿಗೆ ಅವನು ಗೆರೆ ಎಳೆದಿರಲಿಲ್ಲ. ಅವಳು ಯಾವಾಗ ರಕ್ತ ಪರೀಕ್ಷೆ ಮಾಡಿಸಿದ್ದಳು? ನೆನಪಿಸಿಕೊಳ್ಳಲು ನೋಡಿದ. ಕಾರ್ಖಾನೆ ಅವನಿಗೆ ವರ್ಷವರ್ಷ ಮಾಡಿಸುತ್ತಿತ್ತು. ಅಮ್ಮನಿಗೆ ತಿಂಗಳು ತಿಂಗಳು ಅವನೇ ಮಾಡಿಸಿದ್ದ. ಇವಳಿಗೆ. ಎದೆಯೊಳಗೆ ಇಷ್ಟು ಹೊತ್ತು ಹೊಡೆದುಕೊಳ್ಳುತ್ತಿದ್ದ ಭಯ ತನ್ನದಲ್ಲದ ಒಂದು ಮೈಯ ಕಡೆಗೆ ಹೊರಳಿ, ಅಲ್ಲಿ ಅದಕ್ಕೆ ಅಂಕಿಯೇ ಇಲ್ಲದೆ, ಮಿತಿಯೇ ಇಲ್ಲದೆ, ಅವನು ಈವರೆಗೆ ಕಂಡಿರದಷ್ಟು ದೊಡ್ಡದಾಗಿ ನಿಂತಿತು. ಇಲ್ಲೇ ಇರು, ಎದ್ದೇಳಬೇಡ ಎಂದು ಹೇಳಿ ಅವನು ಕೆಳಗಿಳಿದ. ಓಡಿದ ಎಂದೇ ಹೇಳಬೇಕು.

ಕೌಂಟರಿನಲ್ಲಿ ಒಬ್ಬ ಹೆಂಗಸಿಗೆ ರಕ್ತ ಪರೀಕ್ಷೆಯಾಗಬೇಕು, ಈಗಲೇ, ಎಲ್ಲವೂ, ಏನೇನಿದೆಯೋ ಎಲ್ಲವೂ ಎಂದ. ಉಸಿರು ಸಾಲದೆ ತಡೆದು ತಡೆದು ಹೇಳಿದ. ಕೌಂಟರಿನವನು ಹೆಸರು ಕೇಳಿ ಬರೆದುಕೊಂಡ. ಯಾರಾಗಬೇಕು ಎಂದ. ಹೆಂಡತಿ ಎಂದ.

“ವಯಸ್ಸು?”

ಅವನು ಬಾಯಿ ತೆರೆದ. ಏಳು ಪಾಯಿಂಟ್ ಒಂಬತ್ತು, ತೊಂಬತ್ತೆರಡು, ನೂರಾ ಹದಿನೆಂಟು. ತನ್ನ ಮೈಯ ಅಂಕಿಗಳೆಲ್ಲ ಸಾಲಾಗಿ ಬಂದು ನಿಂತವು. ನಲವತ್ತೊಂಬತ್ತೇ? ಐವತ್ತೊಂದೇ? ಮದುವೆಯಾದ ವರ್ಷದಿಂದ ಕೂಡಿಸಿಕೊಂಡು ಬಂದ. ಆಗ ಅವಳಿಗೆ ಎಷ್ಟಿತ್ತೆಂಬುದೇ ತಿಳಿಯಲಿಲ್ಲ. ಕೌಂಟರಿನವನು ಪೆನ್ನು ಎತ್ತಿಕೊಂಡು ಕಾದ. ಹಿಂದೆ ನಿಂತವರು ಕೆಮ್ಮಿದರು.

“ಅಂದಾಜು ಹೇಳಿ ಸಾರ್, ನಡೆಯುತ್ತೆ.”

ನಡೆಯುವುದಿಲ್ಲ ಎಂದ ಅವನು. ಈಗಲೇ ಕೇಳಿಕೊಂಡು ಬರುತ್ತೇನೆ, ಆ ಜಾಗ ಖಾಲಿ ಬಿಡಿ. ತಿರುಗಿದಾಗ ಲಿಫ್ಟು ಬಾಗಿಲು ತೆರೆದು ಖಾಲಿಯಾಗಿ ನಿಂತಿತ್ತು. ಆದರೆ ಅವಳು ಕೂತಿದ್ದದ್ದು ಎರಡು ಮಹಡಿಗಳ ನಡುವೆ; ಅಲ್ಲಿಗೆ ಲಿಫ್ಟು ಹೋಗುವುದಿಲ್ಲ.